ಆರು ರಿಂಗಿನ ನಿಯಮ

ನೀರಿನ ಪ್ಲಾಂಟ್ ನಿಂತದ್ದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ. ನೆನಪಿನಿಂದ ಹೇಳುತ್ತಿಲ್ಲ, ರಿಜಿಸ್ಟರಿನಲ್ಲಿ ನಾನೇ ಬರೆದದ್ದಿದೆ. ವಿಜಯನಗರದ ನಮ್ಮ ಡಯಾಲಿಸಿಸ್ ಕೇಂದ್ರದಲ್ಲಿ ಎಂಟು ಮಷೀನುಗಳಿವೆ. ಶುದ್ಧ ಮಾಡಿದ ನೀರು ಬಾರದಿದ್ದರೆ ಎಂಟೂ ಬರೀ ಪೆಟ್ಟಿಗೆಗಳು. ಬೆಳಗಿನ ಶಿಫ್ಟಿನವರದು ಆಗಲೇ ಮುಗಿದಿತ್ತು, ಅಷ್ಟರ ಮಟ್ಟಿಗೆ ಪುಣ್ಯ. ಮಧ್ಯಾಹ್ನ ಒಂದಕ್ಕೆ ಬರಬೇಕಾದ ಎಂಟು ಮಂದಿಯನ್ನು ಕೆಂಗೇರಿಯಲ್ಲಿರುವ ನಮ್ಮ ಟ್ರಸ್ಟಿನದೇ ಇನ್ನೊಂದು ಕೇಂದ್ರಕ್ಕೆ ತಿರುಗಿಸಬೇಕಿತ್ತು. ಕೆಂಗೇರಿಯವರು ಒಂದೇ ಮಾತು ಹೇಳಿದರು: ಹನ್ನೆರಡೂವರೆಯೊಳಗೆ ಬಂದರೆ ಮಷೀನು ಇದೆ, ತಡವಾದರೆ ಸಂಜೆಯವರ ಸರದಿ ಮುಗಿಯುವವರೆಗೆ ಕಾಯಬೇಕು.

ಫೋನಿನ ಮೇಜು ನನ್ನದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿಂದೂರಿಗೆ ಕರೆ ಜೋಡಿಸುವ ಟ್ರಂಕ್ ಬೋರ್ಡಿನಿಂದ ಶುರು ಮಾಡಿ ನಿವೃತ್ತಿಯಾದವಳು ಅಂತ ಟ್ರಸ್ಟಿನವರು ಕರೆದು ಕೂರಿಸಿದ್ದರು. ಬಂದ ಮೊದಲ ವಾರವೇ ಒಂದು ನಿಯಮ ಬರೆದು ಗೋಡೆಗೆ ಅಂಟಿಸಿದ್ದೆ. ಆರು ರಿಂಗ್. ಎತ್ತದಿದ್ದರೆ ಕಟ್. ಐದು ನಿಮಿಷ ಬಿಟ್ಟು ಮತ್ತೆ. ಹೀಗೆ ಮೂರು ಸಲ. ಎತ್ತಿದವರ ಹೆಸರು, ಹುಟ್ಟಿದ ತಾರೀಖು ಕೇಳಿ ಖಚಿತ ಮಾಡಿಕೊಂಡ ಮೇಲೆಯೇ ವಿಷಯ ಹೇಳುವುದು. ಕಡೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದೆ: ಈ ಲೈನಿಗೆ ಹೊರಗಿನಿಂದ ಕರೆ ಬರಕೂಡದು. ಎಕ್ಸ್‌ಚೇಂಜಿನಲ್ಲಿ ಹೋಗುವ ಲೈನು ಬೇರೆ, ಬರುವ ಲೈನು ಬೇರೆ. ಒಂದಕ್ಕೊಂದು ಅಡ್ಡ ಬಂದರೆ ತುರ್ತು ಕರೆ ನಿಲ್ಲುತ್ತದೆ. ಆ ಶಿಸ್ತನ್ನು ಇಲ್ಲಿಗೂ ತಂದಿದ್ದೆ. ಟೆಲಿಫೋನ್ ಕಂಪನಿಗೆ ಹೇಳಿ ಒಳಬರುವ ಕರೆಗಳನ್ನು ತಡೆ ಹಿಡಿಸಿದ್ದೆ.

ಆ ಮಂಗಳವಾರ ನಿಯಮದಂತೆ ಎಂಟೂ ಮಂದಿಗೆ ಫೋನ್ ಮಾಡಿದೆ. ಮೂರು ಮಂದಿ ಎತ್ತಿದರು. ಉಳಿದ ಐದು ಹೆಸರಿನ ಮುಂದೆ ಮೂರು ಮೂರು ಸಲ ‘ಎತ್ತಲಿಲ್ಲ’ ಎಂದು ಬರೆದೆ. ಇದು ಹೊಸದೇನಲ್ಲ. ನಾಲ್ಕಾರು ತಿಂಗಳಿಂದ ಆ ಕಾಲಂ ತುಂಬುತ್ತಲೇ ಇತ್ತು. ಜನಕ್ಕೆ ಜವಾಬ್ದಾರಿ ಇಲ್ಲ ಎಂದುಕೊಂಡು ಪುಟ ತಿರುಗಿಸುತ್ತಿದ್ದೆ.

ಎತ್ತದ ಐವರಲ್ಲಿ ನಾಲ್ವರ ಮನೆ ಮಾರೇನಹಳ್ಳಿ, ವಿಜಯನಗರದ ಸುತ್ತಮುತ್ತಲೇ. ನಮ್ಮ ಟೆಕ್ನಿಷಿಯನ್ ಸ್ಕೂಟರಿನಲ್ಲಿ ಹೋಗಿ ಬಾಗಿಲು ತಟ್ಟಿ ಹೇಳಿ ಬಂದರು. ಐದನೆಯವರ ಮನೆ ನಾಯಂಡಹಳ್ಳಿಯಲ್ಲಿ. ಟೆಕ್ನಿಷಿಯನ್ ಅಲ್ಲಿಗೆ ಹೋಗುವ ಹೊತ್ತಿಗೆ ಅವರು ಮನೆಯಿಂದ ಹೊರಟಾಗಿತ್ತು.

ನಲವತ್ತು ವರ್ಷ ಕಬ್ಬಿಣ ಕಡೆಯುವ ಲೇತ್ ಶೆಡ್ ನಡೆಸಿದ ಮನುಷ್ಯ. ಈಗ ಶೆಡ್ ಬೇರೆಯವರ ಕೈಗೆ ಹೋಗಿದೆ, ಆದರೂ ಕೇಂದ್ರದಲ್ಲಿ ಎಲ್ಲರೂ ಅವರನ್ನು ಲೇತ್ ಯಜಮಾನರು ಎಂದೇ ಕರೆಯುವುದು. ಮನೆಯಲ್ಲಿ ಅವರು, ಅವರ ಹೆಂಡತಿ, ಇಬ್ಬರಿಗೂ ಸೇರಿ ಒಂದೇ ಫೋನು. ಹಿಂದಿನ ಶನಿವಾರ ತುಮಕೂರಿನಲ್ಲಿ ನೆಂಟರ ಗೃಹಪ್ರವೇಶವೆಂದು ಒಂದು ಸಲದ ಡಯಾಲಿಸಿಸ್ ತಪ್ಪಿಸಿದ್ದರು. ಅಂದರೆ ಗುರುವಾರದಿಂದ ಆ ಮಂಗಳವಾರದವರೆಗೆ ಅವರ ರಕ್ತ ಶುದ್ಧವಾಗಿರಲಿಲ್ಲ. ಒಂದು ಗಂಟೆಗೆ ಐದು ನಿಮಿಷವಿರುವಾಗ ಮೆಟ್ರೊ ಇಳಿದು, ಮೆಟ್ಟಿಲು ಹತ್ತಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಕಾಲು ಊದಿ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿತ್ತು. ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರೆಳೆದುಕೊಳ್ಳುತ್ತಿದ್ದರು.

ಟೆಕ್ನಿಷಿಯನ್ ಅವರ ಕಾಲು ಒತ್ತಿ ನೋಡಿ ನನ್ನ ಕಡೆ ತಿರುಗಿದರು. “ಮೇಡಂ, ಇವರಿಗೆ ಇವತ್ತು ಆಗ್ಲೇಬೇಕು. ಸಂಜೆ ತನಕ ಕಾಯೋ ಸ್ಥಿತಿ ಅಲ್ಲ ಇದು.”

ನಾನೇ ಆಟೋ ಹಿಡಿದು ಅವರನ್ನು ಹತ್ತಿಸಿಕೊಂಡೆ. ಮೈಸೂರು ರಸ್ತೆಯ ಟ್ರಾಫಿಕ್ ನಾಯಂಡಹಳ್ಳಿಯಲ್ಲಿ ಕದಲಲೇ ಇಲ್ಲ. ಅವರ ಮನೆಯಿಂದ ಕೆಂಗೇರಿ ಒಂದು ಕಡೆ, ವಿಜಯನಗರ ಇನ್ನೊಂದು ಕಡೆ. ಫೋನ್ ಎತ್ತಿದ್ದರೆ ಅದೇ ಮೆಟ್ರೊ ಸ್ಟೇಷನ್ನಿನಲ್ಲಿ ಎದುರಿನ ಪ್ಲಾಟ್‌ಫಾರ್ಮಿಗೆ ಹೋಗಿ ನಿಂತರೆ ಸಾಕಿತ್ತು. ಅದನ್ನೇ ಸ್ವಲ್ಪ ಗಡುಸಾಗಿ ಹೇಳಿಬಿಟ್ಟೆ.

“ಫೋನ್ ಮಾಡಿದ್ದೆ ಯಜಮಾನ್ರೇ. ಮೂರು ಸಲ.”

“ನೀವಾ?” ಅಂದು ಜೇಬಿನಿಂದ ಫೋನ್ ತೆಗೆದು ನನ್ನ ಮುಖಕ್ಕೆ ಹಿಡಿದರು. ನಮ್ಮ ನಂಬರು. ಅದರ ಮೇಲೆ ಕೆಂಪು ಪಟ್ಟಿ. ಸ್ಪ್ಯಾಮ್ ಇರಬಹುದು ಎಂಬ ಎಚ್ಚರಿಕೆ. ಒಂದರ ಕೆಳಗೊಂದು ಮೂರು ಸಲ.

“ಹೋದ ವರ್ಷ ಒಬ್ಬ ಪೊಲೀಸು ಅಂತ ಹೇಳ್ಕಂಡು... ನಮ್ಮ ಮನೆಯವಳನ್ನ ಅರ್ಧ ದಿನ ಅಳಿಸಿದ್ದ.” ಉಸಿರೆಳೆದುಕೊಂಡರು. “ಒಂದು ಸಲ ಬಂದಿದ್ರೆ ಯಾರೋ ಅನ್ಕಂಡು ಎತ್ತುತಿದ್ನೇನೋ. ಇದು ಗಡಿಯಾರ ಇಟ್ಕಂಡು ಐದೈದು ನಿಮಿಷಕ್ಕೆ ಬಂತು. ಕಳ್ಳನೇ ಅಂತ ಗ್ಯಾರಂಟಿ ಆಯ್ತು. ಆದ್ರೂ ಇರ್ಲಿ ಅಂತ ತಿರುಗಿಸಿ ಮಾಡ್ದೆ ತಾಯಿ. ಈ ನಂಬರಿಗೆ ಕರೆ ಹೋಗಲ್ಲ ಅಂತು. ಇನ್ನೇನ್ ಮಾಡ್ಲಿ?”

ಅವರ ಫೋನು ಕೈಗೆ ತೆಗೆದುಕೊಂಡು ಆ ಮೂರು ಸಾಲನ್ನೇ ಮತ್ತೆ ನೋಡಿದೆ.

ಕೆಂಗೇರಿ ತಲುಪಿದಾಗ ಎರಡು ಗಂಟೆ ದಾಟಿತ್ತು. ಎಲ್ಲ ಮಷೀನುಗಳಲ್ಲೂ ಜನ. ಅಲ್ಲಿನ ಸಿಸ್ಟರ್ ಯಜಮಾನರ ಮುಖ ನೋಡಿದವರೇ ಆಂಬುಲೆನ್ಸ್ ಕರೆಸಿದರು. ಅಲ್ಲಿಂದ ದೊಡ್ಡ ಆಸ್ಪತ್ರೆ, ಆಮ್ಲಜನಕ, ತುರ್ತು ಡಯಾಲಿಸಿಸ್. ಟೆಕ್ನಿಷಿಯನ್ ಮನೆಗೆ ಹೋಗಿ ಸುದ್ದಿ ಹೇಳಿದ ಮೇಲೆ ಅವರ ಹೆಂಡತಿ ಬಂದು ನನ್ನ ಪಕ್ಕದ ಬೆಂಚಿನ ಮೇಲೆ ಕೂತರು. ಯಜಮಾನರ ಫೋನು ನನ್ನ ಕೈಯಲ್ಲೇ ಇತ್ತು. ಅದನ್ನು ಅವರಿಗೆ ಕೊಟ್ಟು, ಡಾಕ್ಟರು ಬಂದು ಅಪಾಯವಿಲ್ಲ ಎನ್ನುವವರೆಗೆ ಅಲ್ಲೇ ಇದ್ದೆ. ಯಜಮಾನರು ಮೂರು ದಿನ ಅಲ್ಲಿಯೇ ಇರಬೇಕಾಯಿತು.

ಮಾರನೆಯ ದಿನದಿಂದ ಟೆಲಿಫೋನ್ ಕಂಪನಿಯ ಬೆನ್ನು ಹತ್ತಿದೆ. ಒಂದು ಒತ್ತಿ, ಎರಡು ಒತ್ತಿ, ನಾಲ್ಕು ಒತ್ತಿ, ಆಮೇಲೆ ಅದೇ ಸಂಗೀತ. ಬದುಕಿನ ಅರ್ಧಕ್ಕಿಂತ ಹೆಚ್ಚು ಭಾಗ ಬೇರೆಯವರನ್ನು ಲೈನಿನಲ್ಲಿ ಕಾಯಿಸಿದವಳು ನಾನು. ಈಗ ಕಾಯುವ ಸರದಿ ನನ್ನದಾಯಿತು. ಒಂಬತ್ತನೆಯ ದಿನ ಕಂಪನಿಯ ಪ್ರತಿನಿಧಿ ಬಂದರು. ಮೂವತ್ತರ ಆಸುಪಾಸಿನವರು, ಕುತ್ತಿಗೆಗೆ ಗುರುತಿನ ಚೀಟಿ, ಬೆನ್ನಿಗೆ ಲ್ಯಾಪ್‌ಟಾಪ್. ನಮ್ಮ ನಂಬರಿನ ಕರೆಪಟ್ಟಿ ತೆರೆದು ಬಹಳ ಹೊತ್ತು ನೋಡಿದರು.

“ಆಟೋ ಡಯಲರ್ ಹಾಕ್ಸಿದೀರಾ ಆಂಟಿ? ಸಾರಿ, ಮೇಡಂ.”

“ಇಲ್ಲ. ಕೈಯಲ್ಲೇ ಮಾಡೋದು.”

“ಚಾನ್ಸೇ ಇಲ್ಲ ಮೇಡಂ. ಮನುಷ್ಯರು ಹಿಂಗೆ ಡಯಲ್ ಮಾಡಲ್ಲ. ನೋಡಿ, ಎಲ್ಲಾ ಕಾಲೂ ಒಂದೇ ಅಳತೆಗೆ ಕಟ್. ಕರೆಕ್ಟಾಗಿ ಐದು ನಿಮಿಷಕ್ಕೆ ಮತ್ತೆ. ಮನುಷ್ಯ ಅಂದ್ಮೇಲೆ ಒಂದ್ಸಲ ಏಳು ನಿಮಿಷ ಆಗತ್ತೆ, ಒಂದ್ಸಲ ಕಾಫಿಗೆ ಹೋಗಿ ಹದಿನೈದು ಆಗತ್ತೆ, ಅಲ್ವಾ?”

ಬಾಗಿಲಲ್ಲಿ ನಿಂತಿದ್ದ ಟೆಕ್ನಿಷಿಯನ್ ನಕ್ಕರು. “ಸಾರ್, ನಮ್ಮ ಮೇಡಂ ಕಾಫೀನೂ ಹತ್ತೂವರೆಗೇ ಕುಡಿಯೋದು. ಹತ್ತೂ ಮೂವತ್ತೊಂದು ಆದ್ರೆ ಫ್ಲಾಸ್ಕ್ ಮುಚ್ಚಿಬಿಡ್ತಾರೆ.”

ಪ್ರತಿನಿಧಿ ನಗುತ್ತಲೇ ವಿವರಿಸಿದರು. ಒಂದೇ ನಂಬರಿನಿಂದ ಸಾಲಾಗಿ ಹೊರಡುವ ಕರೆಗಳು, ಹೆಚ್ಚಿನವು ಎತ್ತದೇ ಕಟ್ ಆಗುವುದು, ಅದೇ ನಂಬರಿಗೆ ಹೊರಗಿನಿಂದ ಒಂದೂ ಕರೆ ಬಾರದಿರುವುದು, ಇವೆಲ್ಲ ಸೇರಿದರೆ ಕಂಪ್ಯೂಟರು ಅದನ್ನು ಮಾರಾಟದವರ ಅಥವಾ ಮೋಸಗಾರರ ನಂಬರೆಂದು ಲೆಕ್ಕ ಹಾಕುತ್ತದೆ. ಕೆಲವು ಜನ ರೇಗಿ ‘ಸ್ಪ್ಯಾಮ್’ ಎಂದು ಗುರುತು ಹಾಕಿದರಂತೂ ಮುಗಿಯಿತು. ಪಟ್ಟಿ ಬಿದ್ದ ಮೇಲೆ ಇನ್ನಷ್ಟು ಜನ ಎತ್ತುವುದಿಲ್ಲ. ಎತ್ತದೆ ಹೋದಷ್ಟೂ ಪಟ್ಟಿ ಗಟ್ಟಿಯಾಗುತ್ತದೆ.

“ಈ ಪ್ಯಾಟರ್ನ್ ಯಾರು ಮೇಡಂ ಹೇಳ್ಕೊಟ್ಟಿದ್ದು ನಿಮಗೆ?”

ನಾನು ಗೋಡೆಯ ಕಡೆ ಕೈ ತೋರಿಸಿದೆ. ಅವರು ಎದ್ದು ಹೋಗಿ ಓದಿದರು. ಕೆಳಗೆ ನನ್ನ ಸಹಿ ಇತ್ತು. ಮತ್ತೆ ನಗಲಿಲ್ಲ. ಒಳ್ಳೆಯ ಮನೆತನದವರಿರಬೇಕು.

ಆ ಹಾಳೆಯನ್ನು ಅವತ್ತೇ ಕಿತ್ತೆಸೆಯಬೇಕಿತ್ತು. ಕೀಳಲಿಲ್ಲ. ತಪ್ಪು ನಿಯಮದ್ದಲ್ಲ, ಕಂಪ್ಯೂಟರಿನದು ಎಂದೇ ಮನಸ್ಸು ವಾದಿಸುತ್ತಿತ್ತು. ಪ್ರತಿನಿಧಿ ಹೇಳಿದ ದಾರಿ ಹಿಡಿದೆ. ಕೇಂದ್ರವನ್ನು ಕಂಪನಿಯಲ್ಲಿ ದೃಢೀಕರಿಸಿ ನೋಂದಾಯಿಸಿದರೆ ಕೆಂಪು ಪಟ್ಟಿ ಹೋಗಿ, ಕರೆ ಬಂದಾಗ ನಮ್ಮ ಹೆಸರೇ ಕಾಣುತ್ತದೆ. ಅದು ನನಗೆ ಒಪ್ಪುವ ಕೆಲಸ. ಅರ್ಜಿ, ದಾಖಲೆ, ಮೊಹರು.

ಟ್ರಸ್ಟಿನ ನೋಂದಣಿ ಪತ್ರ, ವಿಳಾಸದ ಪುರಾವೆ, ಕಟ್ಟಡದ ಫೋಟೊ, ಎಲ್ಲ ಜೋಡಿಸಿ ಕಳಿಸಿದೆ. ವಾಪಸ್ಸು ಬಂತು. ಫೋಟೊದಲ್ಲಿ ನಮ್ಮ ಬೋರ್ಡೇ ಕಾಣುವುದಿಲ್ಲವಂತೆ. ಹೋಗಿ ನೋಡಿದರೆ ನಿಜ. ಬೀದಿಯ ನಾಯಕರೊಬ್ಬರ ಹುಟ್ಟುಹಬ್ಬದ ಬ್ಯಾನರು ಬೋರ್ಡಿನ ಮೇಲೆ ತೂಗುತ್ತಿತ್ತು. ಅದನ್ನು ಬಿಚ್ಚಲು ಯಾರೂ ಒಪ್ಪಲಿಲ್ಲ. ಹುಟ್ಟುಹಬ್ಬ ಕಳೆಯುವವರೆಗೆ ಕಾದು ಮತ್ತೆ ಫೋಟೊ ತೆಗೆಸಿದೆ. ಎರಡನೆಯ ಸಲವೂ ವಾಪಸ್ಸು. ಈ ಸಲದ ಕಾರಣ ಬೇರೆ: ಸಂಪರ್ಕ ಟ್ರಸ್ಟಿನ ಹೆಸರಿನಲ್ಲೇ ಇಲ್ಲ.

ಟ್ರಸ್ಟಿನ ಹಿರಿಯರೊಬ್ಬರು ಹಿಂದೆ ಸಿಮೆಂಟ್ ಇಟ್ಟಿಗೆ ವ್ಯಾಪಾರ ಮಾಡುತ್ತಿದ್ದರು. ಕೇಂದ್ರ ಶುರುವಾದಾಗ ತಮ್ಮ ವ್ಯಾಪಾರದ ಲೈನೊಂದನ್ನು ಉದಾರವಾಗಿ ಬಿಟ್ಟುಕೊಟ್ಟಿದ್ದರು. ವ್ಯಾಪಾರ ಮುಚ್ಚಿ ಎಷ್ಟೋ ವರ್ಷವಾಗಿದೆ. ಲೈನು ಮಾತ್ರ ಅದೇ ಹೆಸರಿನಲ್ಲಿ ಉಳಿದಿತ್ತು. ಸಂಪರ್ಕ ಯಾರ ಹೆಸರಿನಲ್ಲಿದೆಯೋ ಆ ಹೆಸರು ಈಚೆಗೆ ಕೆಲವು ಫೋನುಗಳಲ್ಲಿ ಕಾಣಿಸತೊಡಗಿದೆ. ಅಂದರೆ ಕೆಂಪು ಪಟ್ಟಿ ಬೀಳದ ಕಡೆಯಲ್ಲೂ ನಮ್ಮ ರೋಗಿಗಳಿಗೆ ಕಂಡದ್ದು ಆ ಸಿಮೆಂಟ್ ಇಟ್ಟಿಗೆ ಅಂಗಡಿಯ ಹೆಸರು, ಹಾಲೋ ಬ್ಲಾಕ್ಸ್. ಮಾರೇನಹಳ್ಳಿಯ ಒಬ್ಬ ತಾಯಿಯನ್ನು ಕೇಳಿದೆ. “ಹೂಂ ಮೇಡಂ, ಅದು ಬರ್ತಾನೇ ಇರತ್ತೆ. ನಾವು ಮನೆ ಕಟ್ಟಿಸ್ತಾ ಇಲ್ವಲ್ಲ, ಅದಕ್ಕೆ ಎತ್ತಲ್ಲ” ಎಂದರು.

ಹಿರಿಯರ ಸಹಿಗಾಗಿ ಬಸವೇಶ್ವರನಗರಕ್ಕೆ ಹೋದೆ. ಸಂತೋಷದಿಂದಲೇ ಹಾಕಿಕೊಟ್ಟರು. ಕೈ ನಡುಗುತ್ತದೆ, ಸಹಿ ಹಳೆಯದಕ್ಕೆ ಹೊಂದುವುದಿಲ್ಲ ಎಂದು ಅದೂ ತಿರುಗಿ ಬಂತು. ಬ್ಯಾಂಕಿನಿಂದ ಸಹಿ ದೃಢೀಕರಣ ತಂದೆ. ಹೀಗೆ ಮೂರು ಬಸ್ಸು, ಎರಡು ಕಚೇರಿ, ಲೆಕ್ಕವಿಡದಷ್ಟು ಜೆರಾಕ್ಸ್. ಸಂಜೆ ಮನೆಗೆ ಬಂದು ಮಂಡಿಗೆ ಬಿಸಿ ನೀರಿನ ಚೀಲ ಇಟ್ಟುಕೊಂಡು ಕೂತರೆ, ನಾನು ಯಾರೆಂದು ರುಜುವಾತು ಮಾಡುವುದೇ ಇಷ್ಟು ಕಷ್ಟವಾದರೆ ಉಳಿದ ಕೆಲಸ ಯಾವಾಗ ಎನಿಸುತ್ತಿತ್ತು.

ಕಡೆಗೂ ಆಯಿತು. ನನ್ನ ಸ್ವಂತ ಮೊಬೈಲಿಗೆ ಮೇಜಿನ ಫೋನಿನಿಂದ ಕರೆ ಮಾಡಿ ನೋಡಿದೆ. ಕೇಂದ್ರದ ಹೆಸರು ಅಚ್ಚುಕಟ್ಟಾಗಿ ಬಂತು. ಟೆಕ್ನಿಷಿಯನ್ ಫೋನಿಗೆ ಮಾಡಿದರೆ ಬರೀ ನಂಬರು. ಅವರದು ಬೇರೆ ಕಂಪನಿ. “ಎಲ್ಲಾ ಕಡೆ ಬರೋಕೆ ಟೈಮ್ ಆಗತ್ತೆ ಮೇಡಂ” ಎಂದು ಪ್ರತಿನಿಧಿ ಮೊದಲೇ ಹೇಳಿದ್ದರು. ಎಷ್ಟು ಟೈಮು ಎಂದು ಅವರಿಗೂ ಗೊತ್ತಿರಲಿಲ್ಲ.

ಲೇತ್ ಯಜಮಾನರು ಅಷ್ಟರಲ್ಲಿ ಮತ್ತೆ ನಮ್ಮಲ್ಲಿಗೆ ಬರತೊಡಗಿದ್ದರು. ಗಿಡಕ್ಕೆ ಆಸರೆ ಕೋಲು ಕೊಟ್ಟ ಹಾಗೆ ಹೆಂಡತಿ ಜೊತೆಗೆ. ಒಂದು ಗುರುವಾರ ಅವರ ಕುರ್ಚಿಯ ಬಳಿ ನಿಂತು ಹೆಮ್ಮೆಯಿಂದಲೇ ಹೇಳಿದೆ. “ಇನ್ಮೇಲೆ ನಮ್ಮ ಹೆಸರೇ ಬರತ್ತೆ ಯಜಮಾನ್ರೇ.”

ಅವರು ಮಷೀನಿಗೆ ಕಟ್ಟದ ಕೈಯಲ್ಲಿ ಜೇಬಿನಿಂದ ಸಣ್ಣ ಬಟನ್ ಫೋನು ತೆಗೆದರು. “ಇದರಲ್ಲಾ?”

“ಹಳೇದು ಏನಾಯ್ತು?”

“ನಮ್ಮ ಮನೆಯವಳು ಬೀರುವಿಗೆ ಹಾಕವಳೆ. ನೀವು ಮೂರು ಸಲ ಮಾಡಿದ್ದು ಅದರಲ್ಲೈತಲ್ಲ, ನೋಡಿದ್ರೆ ಅಳ್ತಾಳೆ.” ಬಟನ್ ಫೋನನ್ನು ಮತ್ತೆ ಜೇಬಿಗೆ ಹಾಕಿ ನನ್ನನ್ನೇ ನೋಡಿದರು. “ಒಂದು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಫೋನ್ ಎತ್ತಿದ್ರೂ ಮೊದಲು ನೀವು ನನ್ನ ಹೆಸರು ಕೇಳ್ತೀರಿ, ಹುಟ್ಟಿದ ತಾರೀಖು ಕೇಳ್ತೀರಿ. ಆ ಪೊಲೀಸು ಕಳ್ಳನೂ ಅದನ್ನೇ ಕೇಳಿದ್ದು. ನಾನು ನಾನೇನೇ ಅಂತ ನಿಮಗೆ ರುಜು ಆಗ್ಬೇಕು. ನೀವು ನೀವೇ ಅಂತ ನಂಗೆ ಹೆಂಗ್ ರುಜು ಆಗ್ಬೇಕು?”

ಟ್ರಂಕ್ ಬೋರ್ಡಿನಲ್ಲಿ ಕರೆ ಕೊಡುವಾಗ ನಾವು ಬಾಯಿ ಬಿಡುತ್ತಿದ್ದಂತೆ ಮೊದಲು ನಮ್ಮ ಊರಿನ ಹೆಸರು ಹೇಳುತ್ತಿದ್ದೆವು. ಆಮೇಲೆ ಇಂಥವರಿಂದ ಕರೆ ಬಂದಿದೆ, ಕೊಡಲೇ ಎಂದು ಕೇಳುತ್ತಿದ್ದೆವು. ಆ ಕಡೆಯವರು ಹೂಂ ಎಂದ ಮೇಲೆ ಜೋಡಿಸುವುದು. ಕರೆ ಮಾಡಿದವರಿಗೆ ನಾವು ಜಾಮೀನು. ಅಲ್ಲಿಂದ ಆರು ರಿಂಗನ್ನು ತಂದೆ, ಎರಡು ಲೈನನ್ನು ತಂದೆ. ಈ ಒಂದನ್ನು ಮಾತ್ರ ಅಲ್ಲೇ ಬಿಟ್ಟು ಬಂದಿದ್ದೆ.

ಅವತ್ತು ಮಧ್ಯಾಹ್ನ ಗೋಡೆಯ ಹಾಳೆ ಕಿತ್ತೆ. ಗೋಂದು ಗಟ್ಟಿಯಾಗಿತ್ತು. ಸುಣ್ಣವೂ ಸ್ವಲ್ಪ ಬಂತು. ಟ್ರಸ್ಟಿನ ಕಾರ್ಯದರ್ಶಿಗಳಿಗೆ ಬರೆದು ಒಪ್ಪಿಗೆ ಪಡೆದು, ಒಳಬರುವ ಕರೆಗಳ ತಡೆ ತೆಗೆಸಿದೆ. ಹೊಸ ನಿಯಮ ಚಿಕ್ಕದು. ರಿಂಗು ತಾನಾಗಿ ನಿಲ್ಲುವವರೆಗೆ ಒಂದೇ ಸಲ ಕರೆ ಮಾಡುವುದು. ಬೆನ್ನುಬೆನ್ನಿಗೆ ಮಾಡುವಂತಿಲ್ಲ. ತುರ್ತಿದ್ದು ಎತ್ತದಿದ್ದರೆ, ಅರ್ಧ ಗಂಟೆಯೊಳಗೆ ತಿರುಗಿ ಕರೆ ಮಾಡದಿದ್ದರೆ, ಮನೆಗೆ ಜನ ಕಳಿಸುವುದು. ಎತ್ತಿದರೆ ಮೊದಲು ನಮ್ಮ ಹೆಸರು, ಆಮೇಲೆ ಅವರು ಕೊಟ್ಟ ಗುರುತಿನ ಮಾತನ್ನು ನಾವೇ ಹೇಳುವುದು, ಕಡೆಗೆ ವಿಷಯ.

ಗುರುತಿನ ಮಾತನ್ನು ರೋಗಿಗಳೇ ಆರಿಸಿಕೊಳ್ಳಬೇಕು. ಅವರಿಗೆ, ಬೀಗ ಹಾಕಿದ ನನ್ನ ಪುಸ್ತಕಕ್ಕೆ ಮಾತ್ರ ಗೊತ್ತಿರಬೇಕು. ಇದಕ್ಕಾಗಿ ಒಂದು ವಾರ ಎಲ್ಲ ಶಿಫ್ಟಿನಲ್ಲೂ ಕುರ್ಚಿಯಿಂದ ಕುರ್ಚಿಗೆ ತಿರುಗಿದೆ. ಟೆಕ್ನಿಷಿಯನ್ ಮೇಜಿನ ಫೋನಿನಿಂದ ಕರೆ ಮಾಡುವುದು, ನಾನು ರೋಗಿಯ ಪಕ್ಕದಲ್ಲಿ ನಿಂತು ಅವರ ಫೋನು ಹೊಡೆದುಕೊಳ್ಳುವುದನ್ನು ಅವರಿಗೇ ತೋರಿಸುವುದು, ಆ ನಂಬರನ್ನು ಅವರ ಕೈಯಿಂದಲೇ, ಅವರಿಗೆ ಬೇಕಾದ ಹೆಸರಿನಲ್ಲಿ, ಫೋನಿಗೆ ಸೇರಿಸುವುದು. ಗುರುತಿನ ಮಾತಿಗೆ ಒಬ್ಬರು ಹಸುವಿನ ಹೆಸರು ಕೊಟ್ಟರು. ಒಬ್ಬರು ತಾವು ಓದಿದ ಶಾಲೆಯ ಮುಂದಿದ್ದ ಮರ ಹೇಳಿದರು. ಒಬ್ಬಾಕೆ “ನಮ್ಮತ್ತೆ ಹೆಸರು ಬ್ಯಾಡ ಮೇಡಂ, ಕೇಳಿದ್ ತಕ್ಷಣ ಬಿಪಿ ಏರತ್ತೆ” ಅಂದು ಎಲ್ಲರನ್ನೂ ನಗಿಸಿ, ಕಡೆಗೆ ನನ್ನ ಕಿವಿಯಲ್ಲಿ ಕನಕಾಂಬರ ಎಂದರು. ಲೇತ್ ಯಜಮಾನರು ಬಹಳ ಯೋಚಿಸಿದರು. “ನನ್ನ ಮೊದಲನೇ ಮಷೀನು ಹಸಿರು ಬಣ್ಣ ಇತ್ತು. ಯಾರಿಗೂ ಗೊತ್ತಿಲ್ಲ, ಆಮೇಲೆ ಬೂದು ಹೊಡೆಸಿದೆ. ಹಸಿರು ಲೇತ್ ಅಂತ ಬರ್ಕಳಿ.”

ಬರೆದುಕೊಂಡೆ. ಬೀಗ ಹಾಕಿದೆ.

ನೀರಿನ ಪ್ಲಾಂಟು ಎರಡನೆಯ ಸಲ ಕೈಕೊಟ್ಟದ್ದು ಒಂದು ಶನಿವಾರ ಬೆಳಿಗ್ಗೆ ಒಂಬತ್ತು ಮುಕ್ಕಾಲಿಗೆ. ಮೋಟಾರು ಸುಟ್ಟಿತ್ತು. ಬೆಳಗಿನ ಶಿಫ್ಟಿನ ಇಬ್ಬರದು ಅರ್ಧಕ್ಕೇ ನಿಂತು ಕೂಗಾಟ ಬೇರೆ. ಕೆಂಗೇರಿಯವರ ಗಡುವು ಅದೇ ಹನ್ನೆರಡೂವರೆ. ಪುಸ್ತಕ ತೆಗೆದು ಕೂತೆ. ಒಬ್ಬೊಬ್ಬರಾಗಿ ಎತ್ತಿದರು. ಹಸುವಿನ ಹೆಸರು ಹೇಳಿದೆ, ಮರ ಹೇಳಿದೆ, ಕನಕಾಂಬರ ಹೇಳಿದೆ. ಏಳು ಮಂದಿಯದು ಮುಗಿಯಿತು. ಆ ನಡುವೆ ಟೆಕ್ನಿಷಿಯನ್ ಬಾಗಿಲಿಂದ ಏನೋ ಕೇಳಿದರು, ಮೋಟಾರಿನವರು ನನ್ನ ಮೊಬೈಲಿನಲ್ಲಿ ಕಾಯುತ್ತಿದ್ದರು. ಎಂಟನೆಯ ನಂಬರು ಒತ್ತಿದೆ. ಎರಡನೆಯ ರಿಂಗಿಗೇ ಎತ್ತಿದರು.

“ಯಜಮಾನ್ರೇ, ಇವತ್ತು ಇಲ್ಲಿಗೆ ಬರಬೇಡಿ, ಹನ್ನೆರಡೂವರೆಯೊಳಗೆ ಕೆಂಗೇರಿಗೆ ಹೋಗಿ.”

ಕಟ್ ಆಯಿತು.

ರಿಸೀವರ್ ಕೈಯಲ್ಲೇ ಇತ್ತು. ಕೇಂದ್ರದ ಹೆಸರು ಹೇಳಿರಲಿಲ್ಲ, ಗುರುತಿನ ಮಾತೂ ಹೇಳಿರಲಿಲ್ಲ. ನಾನೇ ಬರೆದ ನಿಯಮ, ನಾನೇ ಮುರಿದಿದ್ದೆ. ಬೆರಳು ಮತ್ತೆ ಡಯಲ್ ಮಾಡಲು ಹೋಯಿತು. ಅದು ಅಭ್ಯಾಸದ ಬೆರಳು. ತಡೆದು ರಿಸೀವರನ್ನು ಇಟ್ಟೆ. ನನಗೆ ಆ ಊದಿದ ಕಾಲಿನ ಚಪ್ಪಲಿ ಪಟ್ಟಿಯೇ ಕಣ್ಣ ಮುಂದೆ. ಟೆಕ್ನಿಷಿಯನ್ನರನ್ನು ಕರೆದು, ಸ್ಕೂಟರ್ ತೆಗೆಯಿರಿ, ನಾಯಂಡಹಳ್ಳಿಗೆ ಹೋಗಬೇಕಾಗಬಹುದು ಎಂದೆ. ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಫ್ಲಾಸ್ಕು ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ.

ಹತ್ತು ಗಂಟೆ ಮೂವತ್ತನಾಲ್ಕು ನಿಮಿಷಕ್ಕೆ ಮೇಜಿನ ಫೋನು ಹೊಡೆದುಕೊಂಡಿತು. ನಾನು ಬಂದಾಗಿನಿಂದ ಹೊರಗಿನ ಕರೆಯನ್ನೇ ಕಾಣದ ಲೈನು. ಅದರ ಗಂಟೆಯ ಸದ್ದು ನನಗೇ ಪರಿಚಯವಿರಲಿಲ್ಲ.

“ಯಾರ್ ಮಾತಾಡೋದು?” ಎಂದಿತು ಆ ಕಡೆಯ ದನಿ. ಗಡುಸಾಗಿ, ಅನುಮಾನದಿಂದ.

ನಾನು ಕೇಂದ್ರದ ಹೆಸರು ಹೇಳಿದೆ. ಆಮೇಲೆ ಹೇಳಿದೆ, “ಹಸಿರು ಲೇತ್.”

ಹಿಂದೆ ಕುಕ್ಕರ್ ಕೂಗಿದ್ದು ಕೇಳಿಸಿತು. ಅವರ ಹೆಂಡತಿ, ಯಾರು, ಅವರೇನಾ, ಎಂದು ಕೇಳಿದ್ದೂ ಕೇಳಿಸಿತು.

“ಹಾಂ. ಇದನ್ನ ಆಗ್ಲೇ ಹೇಳಕ್ಕೆ ಏನಾಗಿತ್ತು ನಿಮಗೆ?” ಎಂದರು ಯಜಮಾನರು. “ಈಗ ಹೇಳಿ. ಕೆಂಗೇರಿ ತಾನೆ? ಎದುರಿನ ಪ್ಲಾಟ್‌ಫಾರ್ಮು.”

“ಹೌದು. ಎದುರಿನದು.”

ಟೆಕ್ನಿಷಿಯನ್ನರಿಗೆ ಸ್ಕೂಟರ್ ನಿಲ್ಲಿಸಲು ಹೇಳಿ ರಿಜಿಸ್ಟರ್ ತೆರೆದೆ. ಎಂಟನೆಯ ಹೆಸರಿನ ಮುಂದೆ ಬರೆಯಲು ಹೋದರೆ ಜಾಗವಿಲ್ಲ. ‘ಎತ್ತಿದರು’ ಎಂಬ ಕಾಲಂ ಇತ್ತು, ‘ಎತ್ತಲಿಲ್ಲ’ ಎಂಬ ಕಾಲಂ ಇತ್ತು. ಅವರಾಗಿಯೇ ಕರೆ ಮಾಡಿದ್ದನ್ನು ಬರೆಯುವುದಕ್ಕೆ ಕಾಲಂ ಇರಲಿಲ್ಲ. ಡ್ರಾಯರಿನಿಂದ ಅಡಿಪಟ್ಟಿ ತೆಗೆದು ಮೇಲಿನಿಂದ ಕೆಳಗೆ ಇನ್ನೊಂದು ಗೆರೆ ಎಳೆದೆ. ಆಮೇಲೆ ಕಾಫಿ ಕುಡಿದೆ. ಹತ್ತು ಗಂಟೆ ನಲವತ್ತು ನಿಮಿಷವಾಗಿತ್ತು.